ಗೇಮ್‌ಮೇಕರ್: ಗೇಮ್ ಮಾಡಲು ಕಲಿಯುವ ಹುಡುಗರಿಗೆ ಆಗುತ್ತಾ?

ಆಗುತ್ತೆ. ಗೇಮ್‌ಮೇಕರ್ ಅಂದರೆ ಆಟಗಳನ್ನು ತಯಾರಿಸುವ ಸಾಫ್ಟ್‌ವೇರ್. ಆಗುತ್ತೆ ಅನ್ನೋಕೆ ನನ್ನ ಮುಖ್ಯ ಕಾರಣ ಒಂದೇ. ಆಬ್ಜೆಕ್ಟ್ (ಮೂಲ ಮಾದರಿ) ಬೇರೆ, ಇನ್‌ಸ್ಟನ್ಸ್ (ಆ ಮಾದರಿಯಿಂದ ಆಟದಲ್ಲಿ ಹುಟ್ಟುವ ಒಂದೊಂದು ಪ್ರತಿ) ಬೇರೆ ಅನ್ನೋದನ್ನು ಇದು ಕಣ್ಣೆದುರಿಗೇ ಇಟ್ಟು ಕಲಿಸುತ್ತೆ.

ಅಕ್ಕನ ಮಗ ಪಿಯುಸಿ ಓದುತ್ತಿದ್ದಾನೆ. ಮನೆ ಇರೋದು ಕೋಲಾರದ ಎಪಿಎಂಸಿ ಹತ್ತಿರ, ಹಾಗಾಗಿ ಅವನ ಆಟವೂ ಟೊಮೆಟೊದ್ದೇ. ಮೇಲಿನಿಂದ 15 ಕೆಜಿ ಬಾಕ್ಸ್‌ಗಳು ಬೀಳುತ್ತವೆ, ಕೆಳಗೆ ಕ್ಯಾಂಟರ್ ಓಡಿಸಿ ಹಿಡಿಯಬೇಕು. ನೆಲಕ್ಕೆ ಬಿದ್ದ ಬಾಕ್ಸ್ ಕೊಳೆತು ಕಪ್ಪಾಗಬೇಕು. ಅದಕ್ಕೆ ಅವನು 'ಆಬ್ಜೆಕ್ಟ್_ಸೆಟ್_ಸ್ಪ್ರೈಟ್' ಅನ್ನೋ ಫಂಕ್ಷನ್ ಬರೆದಿದ್ದ (ಸ್ಪ್ರೈಟ್ ಅಂದರೆ ತೆರೆಯ ಮೇಲೆ ಕಾಣುವ ಚಿತ್ರ). ಆಡಿ ನೋಡಿದರೆ ಬಿದ್ದ ಬಾಕ್ಸ್ ಕೆಂಪಗೇ ಇದೆ, ಆಮೇಲೆ ಬರೋವೆಲ್ಲ ಮೇಲಿನಿಂದಲೇ ಕೊಳೆತು ಬರ್ತಿವೆ!

"ಮಾಮಾ, ಇದೇನು ಉಲ್ಟಾ ಹೊಡೀತಿದೆ?" ಅಂದ.

ಉಲ್ಟಾ ಏನಿಲ್ಲ. ಮಾಲೂರಿನ ಕಡೆ ಇಟ್ಟಿಗೆ ಹಾಕೋದನ್ನು ನೋಡಿದ್ದೀಯಲ್ಲ, ಆಬ್ಜೆಕ್ಟ್ ಅಂದರೆ ಆ ಅಚ್ಚು ಅಂದೆ. ಅಚ್ಚು ಬದಲಾಯಿಸಿದರೆ ಆಗಲೇ ಒಣಗಲು ಇಟ್ಟ ಇಟ್ಟಿಗೆ ಬದಲಾಗಲ್ಲ, ಮುಂದೆ ಹಾಕೋವು ಮಾತ್ರ ಬೇರೆ ಆಗುತ್ತವೆ. ಆ ಫಂಕ್ಷನ್ ಮಾಡೋದೂ ಅಷ್ಟೇ. ರೂಮಿನಲ್ಲಿ, ಅಂದರೆ ಆಟ ನಡೆಯುವ ದೃಶ್ಯದಲ್ಲಿ, ಆಗಲೇ ಇರುವ ಇನ್‌ಸ್ಟನ್ಸ್‌ಗಳನ್ನು ಮುಟ್ಟಲ್ಲ. ಅವನಿಗೆ ಬೇಕಿದ್ದದ್ದು ಬಿದ್ದ ಆ ಒಂದು ಬಾಕ್ಸ್. ಬಾಕ್ಸಿನ ಕೊಲಿಷನ್ ಈವೆಂಟ್‌ನಲ್ಲಿ, ಅಂದರೆ ಅದು ನೆಲಕ್ಕೆ ತಾಗಿದಾಗ ಓಡುವ ಕೋಡ್‌ನಲ್ಲಿ, 'ಸ್ಪ್ರೈಟ್_ಇಂಡೆಕ್ಸ್' ಬದಲಾಯಿಸಿದರೆ ಸಾಕು. ಒಂದೇ ಸಾಲು. ಅಲ್ಲಿ ಬರೆದದ್ದು ನೆಲಕ್ಕೆ ತಾಗಿದ ಇನ್‌ಸ್ಟನ್ಸ್‌ಗೆ ಮಾತ್ರ ಅನ್ವಯ, ಪಕ್ಕದ್ದಕ್ಕಲ್ಲ.

ಆಮೇಲೆ ಮಳೆ ಸೇರಿಸಿದ. ಮಳೆ ಬಂದರೆ ಬಾಕ್ಸ್ ಎಲ್ಲವೂ ನೆನೆಯಬೇಕಲ್ವಾ? ಆಗಲೇ ಇರೋವಕ್ಕೆ 'ವಿದ್' ಬ್ಲಾಕ್ ಹಾಕಬೇಕು. ಆ ಕ್ಷಣ ರೂಮಿನಲ್ಲಿರುವ ಬಾಕ್ಸ್‌ಗಳನ್ನು ಒಂದೊಂದಾಗಿ ಹಿಡಿದು ಅದೇ ಕೆಲಸ ಮಾಡಿಸುತ್ತೆ. ಇನ್ನು ಮುಂದೆ ಹುಟ್ಟೋವಕ್ಕೆ, ಮೊದಲು ಬೈಸಿಕೊಂಡ ಆ 'ಆಬ್ಜೆಕ್ಟ್_ಸೆಟ್_ಸ್ಪ್ರೈಟ್' ಇಲ್ಲಿ ಸರಿಯಾಗಿ ಕೆಲಸಕ್ಕೆ ಬಂತು.

ನನಗೆ ಜಾಸ್ತಿ ಇಷ್ಟವಾದದ್ದು ರೂಮ್ ಎಡಿಟರ್. ಇಟ್ಟಿರುವ ಒಂದು ಬಾಕ್ಸ್ ಮೇಲೆ ಡಬಲ್ ಕ್ಲಿಕ್ ಮಾಡಿ ಅದೊಂದರ ಸೈಜ್, ಬಣ್ಣ, ತಿರುವು ಬದಲಾಯಿಸಬಹುದು. ಅದಕ್ಕೇ ಅಂತ ಕ್ರಿಯೇಷನ್ ಕೋಡ್ ಕೂಡ ಬರೆಯಬಹುದು. ಅದು, ಇನ್‌ಸ್ಟನ್ಸ್ ಹುಟ್ಟುವಾಗ ಓಡುವ ಕ್ರಿಯೇಟ್ ಈವೆಂಟ್ ಮುಗಿದ ಮೇಲೆ ಓಡುತ್ತೆ. ಎಲ್ಲ ಬಾಕ್ಸಿಗೂ ಬೆಲೆ 300 ಅಂತ ಕ್ರಿಯೇಟ್‌ನಲ್ಲಿ ಬರೆದು, ಒಂದಕ್ಕೆ ಮಾತ್ರ ಇಲ್ಲಿ 900 ಅಂತ ಕೊಟ್ಟರೆ, ಆ ಬಾಕ್ಸಿನಲ್ಲಿ ಉಳಿಯೋದು 900. ಹುಡುಗ ಇದನ್ನು ಕಂಡು ಕುಣಿದಾಡಿದ. ನಮ್ಮೂರಲ್ಲಿ ಟೊಮೆಟೊ ರೇಟು ಹೇಗೂ ಹಾಗೇ ತಾನೆ!

ಕೊರತೆ ಅಂದರೆ ಹೆಸರುಗಳು. 'ಆಬ್ಜೆಕ್ಟ್_ಸೆಟ್' ಅಂತ ಶುರುವಾಗುವ ಫಂಕ್ಷನ್‌ಗಳನ್ನು ನೋಡಿದರೆ ಹೊಸಬರು ಕೈ ಹಾಕೋದು ಸಹಜ. ಮ್ಯಾನ್ಯುಯಲ್‌ನಲ್ಲಿ ವಿವರ ಇದೆ, ಆದರೆ ಇಂಗ್ಲಿಷ್‌ನಲ್ಲಿ. ಪಕ್ಕದಲ್ಲಿ ಕೂತು ಓದಿ ಹೇಳುವವರು ಒಬ್ಬರಿದ್ದರೆ ಒಳ್ಳೆಯದು.

ಇದು ನಿನ್ನೆ ಮೊನ್ನೆಯದಲ್ಲ. ನೆದರ್ಲೆಂಡ್ಸ್‌ನ ಪ್ರೊಫೆಸರ್ ಮಾರ್ಕ್ ಓವರ್‌ಮಾರ್ಸ್ 1999ರಲ್ಲಿ ಶುರು ಮಾಡಿದ್ದು. ಆಗ ಇದರ ಹೆಸರು ಆನಿಮೊ. 2023ರ ನವೆಂಬರ್‌ನಿಂದ ದುಡ್ಡು ಮಾಡುವ ಉದ್ದೇಶ ಇಲ್ಲದವರಿಗೆ ಫ್ರೀ. ಆಟ ಮಾರಬೇಕು ಅಂದರೆ ಕಮರ್ಷಿಯಲ್ ಲೈಸೆನ್ಸ್ ಬೇಕು. ಆಗ ಇಟ್ಟ ಬೆಲೆ 99.99 ಡಾಲರ್, ಒಂದೇ ಸಲ ಕಟ್ಟೋದು. ನಮ್ಮ ಹುಡುಗನಿಗೆ ಸದ್ಯಕ್ಕೆ ಆ ಖರ್ಚಿಲ್ಲ. ಕ್ಯಾಂಟರ್ ಇನ್ನೂ ರಿವರ್ಸ್‌ನಲ್ಲೇ ಓಡ್ತಿದೆ.