ಡ್ರೈ ಸೆನ್ಸರ್ ಹೆಡ್‌ಸೆಟ್ಟಾ, ಜೆಲ್ ಕ್ಯಾಪಾ? ಕಲಬುರಗಿ ಬ್ಯಾಸಿಗ್ಯಾಗ ಬಳಸಿ ನೋಡಿದ್ದು

ಇಇಜಿ (ತಲಿ ಮ್ಯಾಲ ಸೆನ್ಸರ್ ಇಟ್ಟು ಮಿದುಳಿನ ವಿದ್ಯುತ್ ಸಿಗ್ನಲ್ ಅಳಿಯೋದು) ಪ್ರಾಜೆಕ್ಟ್ ಮಾಡೋ ಜೂನಿಯರ್ಸ್ ಎಲ್ಲಾ ಇದನ್ನೇ ಕೇಳ್ತಾರ್ರಿ, ಡ್ರೈ ತಗೊಳ್ಳೋದಾ ಜೆಲ್ ತಗೊಳ್ಳೋದಾ ಅಂತ. ಡ್ರೈ ಅಂದ್ರ ಸೆನ್ಸರ್ ಪಿನ್ನು ಒಣಾನೇ ಚರ್ಮಕ್ಕ ಒತ್ತಿ ಕೂಡ್ತದ, ಜೆಲ್ ಅಂದ್ರ ಸೆನ್ಸರ್ (ಎಲೆಕ್ಟ್ರೋಡ್) ಮತ್ತ ಚರ್ಮದ ನಡುವ ಜೆಲ್ ತುಂಬ್ತಾರ. ಎರಡೂ ನಾನು ಇಲ್ಲೇ, ನಮ್ಮ ಏಪ್ರಿಲ್-ಮೇ ಬಿಸಲಾಗ ಬಳಸೀನಿ, ನನ್ನ ಓಟು ಜೆಲ್‌ಗೇ.

ಡ್ರೈದ್ರಾಗ ಒಳ್ಳೇದು ಇಲ್ಲಂತಲ್ಲ. ತಲಿಗಿ ಹಾಕ್ಕೊಂಡ್ರ ಸ್ವಲ್ಪ ಹೊತ್ತಿನ್ಯಾಗ ಸ್ಕ್ರೀನ್ ಮ್ಯಾಲ ಸಿಗ್ನಲ್ ಲೈನ್ ಬರ್ತದ, ಆಮ್ಯಾಲ ತಲಿ ತೊಳ್ಕೊಳ್ಳೋ ಕಿರಿಕಿರಿ ಇಲ್ಲ. ಹಣಿ ಮ್ಯಾಲ ಕೂದ್ಲ ಇರಂಗಿಲ್ಲಲ್ರಿ, ಅಲ್ಲಿ ಛಲೋ ಕೂಡ್ತದ, ಕಣ್ಣು ಮಿಟುಕಿಸಿದ್ದು ಸೈತ ಕ್ಲಿಯರ್ ಕಾಣಸ್ತದ. ತ್ರಾಸು ಬರೋದು ತಲಿ ಹಿಂದಿನ ಭಾಗದಾಗ. ಆಲ್ಫಾ (ಆರಾಮಾಗಿ ಕಣ್ಣು ಮುಚ್ಚಿದಾಗ ಮಿದುಳಿನ್ಯಾಗ ಏಳೋ ಅಲೆ) ನೋಡ್ಬೇಕಂದ್ರ ಅಲ್ಲೇ ನೋಡ್ಬೇಕು, ಕಣ್ಣು ಮುಚ್ಚಿಸಿದ್ರ 8ರಿಂದ 13 ಹರ್ಟ್ಸ್ ಅಲೆ ದೊಡ್ಡದಾಗಿ ಏಳ್ಬೇಕು, ಯಾವ ಸೆಟ್ ಬಂದ್ರೂ ನಾನು ಮೊದ್ಲು ಮಾಡೋ ಟೆಸ್ಟ್ ಇದೇ. ಜೆಲ್‌ನ್ಯಾಗ ಕೂಡ್ಲೇ ಕಾಣ್ತದ, ಡ್ರೈದ್ರಾಗ ಪಿನ್ನು ಕೂದ್ಲ ಸರಿಸಿ ಚರ್ಮಕ್ಕ ಮುಟ್ಟೋತನಕಾ ಅಲ್ಲಾಡಿಸ್ತಾ ಕೂಡ್ಬೇಕು. ನಮ್ಮ ಕಡಿ ಮಂದಿ ಬ್ಯಾಸಿಗ್ಯಾಗ ತಂಪಿಗಂತ ಹರಳೆಣ್ಣಿ ತಟ್ಟಿರ್ತಾರ, ಆ ಎಣ್ಣಿ ಇದ್ರಂತೂ ಮುಗೀತು. ಹಿಂದಿನ ರಾತ್ರಿ ಶಾಂಪೂ ಹಾಕಿ ತೊಳ್ದು, ಎಣ್ಣಿ ಹಚ್ಚಲಾರ್ದ ಬರ್ರಿ ಅಂತ ಮೊದ್ಲೇ ಹೇಳ್ಬೇಕು, ಇದು ಜೆಲ್‌ಗೂ ಬೇಕೇ.

ಯಾಕಂದ್ರ ನೆತ್ತಿ ಮ್ಯಾಲ ಸಿಗೋ ಸಿಗ್ನಲ್ಲೇ 10ರಿಂದ 100 ಮೈಕ್ರೋವೋಲ್ಟ್ ಅಷ್ಟೇ. ಚರ್ಮ ಸ್ವಲ್ಪ ತಿಕ್ಕಿ ಜೆಲ್ ತುಂಬಿದ್ರ ಇಂಪೀಡೆನ್ಸ್ (ಸೆನ್ಸರ್-ಚರ್ಮದ ನಡುವ ಸಿಗ್ನಲ್‌ಗೆ ಆಗೋ ಅಡ್ಡಿ) 5 ಕಿಲೋ ಓಮ್‌ಗಿಂತ ಕೆಳಗ ಇಳೀತದ, ಡ್ರೈದ್ರಾಗ ಅದು ನೂರಾರು ಕಿಲೋ ಓಮ್ ಇರ್ತದ, ಅದಕ್ಕ ಕರೆಂಟಿನ 50 ಹರ್ಟ್ಸ್ ಗುಂಯ್‌ಗುಟ್ಟೋದು ಒಳಗ ನುಗ್ತದ. ಸೆನ್ಸರ್‌ನ್ಯಾಗೇ ಆಂಪ್ಲಿಫೈಯರ್ ಕೂಡಿಸಿದ್ದು ಸಿಗ್ತಾವ, ಅವು ಎಷ್ಟೋ ಮೇಲು, ಆದ್ರ ತಲಿ ತಿರುಗಿಸಿದಾಗ ಪಿನ್ನು ಜಾರಿದ್ರ ಆಂಪ್ಲಿಫೈಯರ್ ಏನ್ ಮಾಡ್ತದ್ರಿ.

ಬಿಸಲಿನ ಮಾತು ಬ್ಯಾರೇನೇ ಅದ. ಬೆವರು ಉಪ್ಪುನೀರು, ಡ್ರೈ ಪಿನ್ನಿಗಿ ಅದೇ ಜೆಲ್ ಆಗಿ ಕಾಂಟ್ಯಾಕ್ಟ್ ಸುಧಾರಸ್ತದ, ಇದು ನೋಡಿ ನನಗ ಖರೇನೇ ಖುಷಿ ಆಗಿತ್ತು, ಆದ್ರ ಅದೇ ಬೆವರು ಹೆಚ್ಚಾದ್ರ ಲೈನ್ ನಿಧಾನಕ ಮ್ಯಾಲ ಕೆಳಗ ತೇಲ್ತದ. ಜೆಲ್ ಕ್ಯಾಪಿಗೂ ಬೆವರು ಕಾಟನೇ, ಬಾಜೂ ಬಾಜೂ ಎಲೆಕ್ಟ್ರೋಡ್ ನಡುವ ಹರಡಿ ಎರಡೂ ಒಂದೇ ಸಿಗ್ನಲ್ ತೋರಸ್ತಾವ. ಕೂಲರ್ ಹಚ್ಚಿದ್ರ ಮೋಟರ್ ಗದ್ದಲ, ಬಂದ್ ಮಾಡಿದ್ರ ಬೆವರು. ಮುಂಜಾನಿ ತಂಪಿನ್ಯಾಗ, ಲ್ಯಾಪ್‌ಟಾಪ್ ಚಾರ್ಜರ್ ತೆಗ್ದು ಬ್ಯಾಟರಿ ಮ್ಯಾಲ ರೆಕಾರ್ಡ್ ಮಾಡೋದು ಛಲೋ.

ಭಾಳ ಹೊತ್ತು ಕೂಡಿಸಿದ್ರ ಡ್ರೈ ಪಿನ್ನು ನೋಯಿಸ್ತಾವ, ಸಣ್ಣ ಹುಡುಗ್ರಂತೂ ಕಿತ್ತಿ ಒಗೀತಾರ. ಜೆಲ್ ಮೆತ್ತಗ, ಆದ್ರ ತಾಸುಗಟ್ಟಲೆ ಆದ್ರ ಒಣಗ್ತದ, ಮತ್ತ ತುಂಬಬೇಕು.

ಕಾಲೇಜಿನ್ಯಾಗ ಡೆಮೊ ತೋರಸೋದಿದ್ರ ಡ್ರೈ ತಗೊಳ್ರಿ. ರಿಪೋರ್ಟಿನ್ಯಾಗ ಹಾಕೋ ಡೇಟಾ ಬೇಕಂದ್ರ ಜೆಲ್ಲೇ. ಮನ್ಯಾಗ ಯಾರಿಗಾದ್ರೂ ಫಿಟ್ಸ್ ಇದ್ರ ಇಂಥ ಸೆನ್ಸರ್ ಹಣಿಪಟ್ಟಿ ಕಟ್ಟಿ ನೋಡ್ಕೋತ ಕೂಡಬ್ಯಾಡ್ರಿ, ನ್ಯೂರಾಲಜಿ ಡಾಕ್ಟರ್ ಕಡಿ ಹೋಗಿ ಪೂರ್ತಿ ಇಇಜಿ ಮಾಡಸ್ರಿ. ಜೆಲ್ ತಗೊಂಡೋರು ಕೆಲ್ಸ ಮುಗಿದ ಕೂಡ್ಲೇ, ಒಣಗೋದ್ರೊಳಗ, ಉಗುರುಬೆಚ್ಚಗಿನ ನೀರಾಗ ಮೆತ್ತನ ಬ್ರಷ್‌ಲೇ ತೊಳೀರಿ, ಗಟ್ಟಿ ತಿಕ್ಕಿದ್ರ ಎಲೆಕ್ಟ್ರೋಡ್ ಮ್ಯಾಲಿನ ಸಿಲ್ವರ್ ಕ್ಲೋರೈಡ್ ಪದರು ಕಿತ್ತು ಹೋಗ್ತದ.