ರಿಸೀವರ್ ಮೂಕಾದರೆ ಅಂಗಡಿಗೆ ಹೊರುವ ಮುನ್ನ ಹಿಂದಿನ ಎರಡು ಕಡ್ಡಿ ನೋಡಿ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಮೊದಲ ತಪ್ಪು ನನ್ನದು. ಎರಡನೆಯದು, ಮೂರನೆಯದು, ನಾಲ್ಕನೆಯದು ಅಂಗಡಿಯವನದು. ದುಡ್ಡು ಮಾತ್ರ ಎಲ್ಲಕ್ಕೂ ನಾನೇ ಕೊಟ್ಟೆ.

ಮಸ್ಕತ್ತಿನಿಂದ ಬಂದ ಗೆಳೆಯರೊಬ್ಬರ ಹತ್ತಿರ ಅಪ್ಪ ಕೊಂಡಿದ್ದ ಹಳೇ ಜಪಾನಿ ಸ್ಟೀರಿಯೋ ರಿಸೀವರ್ ನಮ್ಮ ಮನೆಯಲ್ಲಿದೆ. ರೇಡಿಯೋ, ಸದ್ದು ದೊಡ್ಡದು ಮಾಡುವ ಆಂಪ್ಲಿಫೈಯರ್ ಎರಡೂ ಒಂದೇ ಸೆಟ್ಟಿನಲ್ಲಿ. ಕಟ್ಟಿಗೆಯ ಪೆಟ್ಟಿಗೆ, ಅಲ್ಯೂಮಿನಿಯಂ ಮುಖ, ಹಸಿರು ಬೆಳಕಿನ ಡಯಲ್. ಎತ್ತಲು ಇಬ್ಬರು ಬೇಕು. ಬಳ್ಳಾರಿಯ ಧೂಳು, ಏಪ್ರಿಲ್ ಬಿಸಿಲು, ಏರಿಳಿಯುವ ಕರೆಂಟು ಎಲ್ಲವನ್ನೂ ತಡಕೊಂಡು ಭಾನುವಾರ ಬೆಳಿಗ್ಗೆ ಹೊಸಪೇಟೆ ಆಕಾಶವಾಣಿಯ ಎಫ್ಎಂ ಹಾಡುತ್ತಿದ್ದ ಜೀವ ಅದು.

ಈ ಯುಗಾದಿಗೆ ಸುಣ್ಣಬಣ್ಣ ಮಾಡಿಸಿದೆವು. ಸೆಟ್ಟನ್ನು ಗೋಡೆಯಿಂದ ಸರಿಸಿ, ಹಿಂದಿನ ಧೂಳು ಒರೆಸಿ, ವೈರುಗಳನ್ನೆಲ್ಲ ಬಿಚ್ಚಿ ಮತ್ತೆ ಸಿಕ್ಕಿಸಿದೆ. ಹಬ್ಬದ ಬೆಳಿಗ್ಗೆ ಹಚ್ಚಿದರೆ ದೀಪ ಹತ್ತಿತು. ನಾಲ್ಕೈದು ಸೆಕೆಂಡಿಗೆ ಒಳಗಿಂದ ಎಂದಿನಂತೆ 'ಟಕ್' ಅಂದಿತು. ಸ್ಟೇಷನ್ ತಿರುಗಿಸಿದರೆ ಟ್ಯೂನಿಂಗ್ ಸೂಜಿ ಚೆನ್ನಾಗಿ ಏಳುತ್ತಿತ್ತು. ಸದ್ದು ಮಾತ್ರ ಇಲ್ಲ. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ, ಹೆಡ್‌ಫೋನಿನಲ್ಲೂ ಇಲ್ಲ.

ಈ ನಾಲ್ಕು ಲಕ್ಷಣಗಳಲ್ಲೇ ಉತ್ತರ ಇತ್ತು. ನನಗೆ ಓದಲು ಬರಲಿಲ್ಲ, ಅಷ್ಟೇ. ಬೇವುಬೆಲ್ಲ ತಿಂದು, ಮರುದಿನ ಮಗನ ಜೊತೆ ಆಟೋದಲ್ಲಿ ಹೊತ್ತುಕೊಂಡು ಮಾರ್ಕೆಟ್ ಕಡೆಯ ಒಂದು ರಿಪೇರಿ ಅಂಗಡಿಗೆ ಹೋದೆ. ಅಂಗಡಿಯ ಹೆಸರು ಬರೆಯುವುದಿಲ್ಲ, ಕೇಳಬೇಡಿ. ಅವನು ಮುಚ್ಚಳ ಬಿಚ್ಚುವ ಮೊದಲೇ, ಪ್ಲಗ್ ಕೂಡ ಹಾಕದೆ, "ಔಟ್‌ಪುಟ್ ಐಸಿ ಸುಟ್ಟೋಗ್ಯಾವ್ರಿ, ಎರಡೂ ಹಾಕ್ಬೇಕು" ಎಂದ. ಸ್ಪೀಕರಿಗೆ ಶಕ್ತಿ ಕೊಡುವ ಚಿಪ್ಪುಗಳು ಅವು. ನಾನು ತಲೆಯಾಡಿಸಿದೆ. ಡಾಕ್ಟರು ನಾಡಿ ಹಿಡಿಯದೆ ಆಪರೇಷನ್ ಅಂದರೆ ಜಗಳಕ್ಕೆ ಬೀಳುವ ನಾನು, ಇಲ್ಲಿ ಯಾಕೆ ಸುಮ್ಮನಿದ್ದೆನೋ.

ನಾಲ್ಕು ದಿನ ಬಿಟ್ಟು 4,200 ರೂಪಾಯಿ ಕೊಟ್ಟು ತಂದೆ. ಹಾಡಿತು. ಹಳೇ ಐಸಿ ಕೊಡಪ್ಪಾ ಅಂದರೆ "ಕಸಕ್ಕೆ ಹೋದ್ವು ಸಾರ್" ಎಂದ. ಮನೆಗೆ ಬಂದ ಮೇಲೆ ಎರಡು ವ್ಯತ್ಯಾಸ ಕಣ್ಣಿಗೆ ಬಿದ್ದವು. ಮೊದಲಾದರೆ ಸ್ವಿಚ್ ಹಾಕಿದ ಮೇಲೆ ನಾಲ್ಕೈದು ಸೆಕೆಂಡು ಮೌನ, ಆಮೇಲೆ 'ಟಕ್', ಆಮೇಲೆ ಹಾಡು. ಈಗ ಸ್ವಿಚ್ ಒತ್ತಿದ ಕೂಡಲೇ ಸ್ಪೀಕರಿನಲ್ಲಿ 'ಧಪ್'. ಹೊಸ ಐಸಿ ಅಲ್ಲವಾ, ಕಸುವು ಜಾಸ್ತಿ ಅಂದುಕೊಂಡೆ. ಇನ್ನೊಂದು, ಹಿಂಬದಿಯಲ್ಲಿ ಮೊದಲಿರದಿದ್ದ ಎರಡು ತುಂಡು ವೈರು ನಾಲ್ಕು ಪಿನ್ನುಗಳನ್ನು ಜೋಡಿಸಿದ್ದವು. ರಿಪೇರಿಯ ಭಾಗವಿರಬೇಕು ಅಂದುಕೊಂಡೆ.

ಹನ್ನೆರಡನೇ ದಿನ, ಮಟಮಟ ಮಧ್ಯಾಹ್ನ, ಹೊರಗೆ 40 ಡಿಗ್ರಿ ದಾಟಿದ ಬಿಸಿಲು. ಹಾಡಿನ ನಡುವೆ ಎಡಗಡೆಯ ಸ್ಪೀಕರ್ ಗುರ್ರ್ ಎಂದು ಬಾಯಿ ಮುಂದಕ್ಕೆ ಚಾಚಿ ಹಾಗೇ ನಿಂತಿತು. ಒಳಗೆ ಆ 'ಟಕ್' ಅಂದದ್ದೂ ಕೇಳಿಸಿತು. ನಾನು ಓಡಿ ಪ್ಲಗ್ ಕೀಳುವಷ್ಟರಲ್ಲಿ ಅರಗು ಸುಟ್ಟ ವಾಸನೆ, ಜಾಲರಿಯಿಂದ ಹೊಗೆ. ಅಪ್ಪನ ಸ್ಪೀಕರ್.

ಅಂಗಡಿಯವನು "ಕರೆಂಟ್ ಜಾಸ್ತಿ ಬಂದಿರ್ಬೇಕು" ಎಂದು ಕೈ ತೊಳೆದುಕೊಂಡ.

ಕೊಪ್ಪಳದಲ್ಲಿ ನಮ್ಮ ಚಿಕ್ಕಪ್ಪ ಇದ್ದಾರೆ. ಜಾತ್ರೆ, ನಾಟಕಗಳಿಗೆ ಮೈಕ್ ಸೆಟ್ ಕಟ್ಟಿಯೇ ಮುದುಕರಾದವರು. ಫೋನಿನಲ್ಲಿ ಎಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದರು: "ಮದ್ಲು ಸದ್ದು ಹೋದಾಗ ಟಕ್ ಅಂತಿತ್ತೇನು?" ಅಂತಿತ್ತು ಅಂದೆ. "ಮತ್ತ ಔಟ್‌ಪುಟ್ ಸುಟ್ಟಿದ್ರ ಅದು ಹ್ಯಾಂಗ ಅಂತೈತಿ? ಸತ್ತಾವ ಎದ್ದು ಬಂದು ಬಾಗಿಲಾ ತಗೀತಾನೇನು?"

ಬಸ್ ಹತ್ತಿ ಬಂದೇಬಿಟ್ಟರು. ಅವರು ಬಿಡಿಸಿ ಹೇಳಿದ್ದಿಷ್ಟು. ಆ 'ಟಕ್' ಅನ್ನುವುದು ಸ್ಪೀಕರುಗಳ ಬಾಗಿಲು ಕಾಯುವ ರಿಲೇ, ಅಂದರೆ ತಾನೇ ಸೇರಿ ತಾನೇ ಬಿಟ್ಟುಕೊಳ್ಳುವ ಸ್ವಿಚ್ಚು. ಸ್ವಿಚ್ ಹಾಕಿದ ಮೇಲೆ ಆಂಪ್ಲಿಫೈಯರಿನ ಕೊನೆಯಲ್ಲಿ ಡಿಸಿ ವೋಲ್ಟೇಜ್ (ಸ್ಪೀಕರ್ ಸುಡುವ, ಒಂದೇ ದಿಕ್ಕಿನ ಕರೆಂಟು) ಬರುತ್ತಿದೆಯಾ ಎಂದು ರಕ್ಷಣೆಯ ಸರ್ಕ್ಯೂಟ್ ನೋಡುತ್ತದೆ. ಬರುತ್ತಿದ್ದರೆ ರಿಲೇ ಸೇರುವುದೇ ಇಲ್ಲ. ಔಟ್‌ಪುಟ್ ಐಸಿ ಸುಡುವಾಗ ಸಾಮಾನ್ಯವಾಗಿ ಶಾರ್ಟ್ ಆಗಿ ಡಿಸಿ ಬಿಡುತ್ತದೆ, ಇಲ್ಲವೇ ಫ್ಯೂಸ್ ಹೊಡೆಯುತ್ತದೆ. ಟಕ್ ಅಂದು, ಎರಡೂ ಕಡೆ ಒಟ್ಟಿಗೆ ಸದ್ದಿಲ್ಲ ಅಂದರೆ ಮೊದಲು ಅನುಮಾನಿಸಬೇಕಾದ್ದು ಗುಂಡಿಗಳನ್ನು, ಹಿಂದಿನ ಜೋಡಣೆಗಳನ್ನು. ಬೆಸುಗೆಗೆ ಕೈ ಹಾಕುವುದು ಆಮೇಲೆ.

ಆಮೇಲೆ ಸೆಟ್ಟಿನ ಬೆನ್ನು ತಿರುಗಿಸಿ, "ಇಲ್ಲಿ ಯು ಆಕಾರದ ಎರಡು ಕಬ್ಬಿಣದ ಕಡ್ಡಿ ಇರ್ತಾವ. ಎಲ್ಲಿ ಅದಾವು?" ಎಂದರು.

ಆಗ ನೆನಪಾಯಿತು. ಸುಣ್ಣ ಹೊಡೆಸುವಾಗ ಅವು ಕಪ್ಪಾಗಿದ್ದವೆಂದು ಕಿತ್ತು, ಉಜ್ಜಿ, ಮೊಳೆ ತುಂಬಿದ ಹಳೇ ಡಬ್ಬಿಯಲ್ಲಿ ನಾನೇ ಇಟ್ಟಿದ್ದೆ. ಹೋಗಿ ನೋಡಿದರೆ ಅಲ್ಲೇ ಇದ್ದವು, ಫಳಫಳ ಹೊಳೆಯುತ್ತಾ.

ಹಳೇ ರಿಸೀವರುಗಳ ಕೆಲವು ಮಾಡೆಲ್‌ಗಳಲ್ಲಿ ಹಿಂದೆ 'ಪ್ರೀ ಔಟ್', 'ಮೇನ್ ಇನ್' ಎಂಬ ಎರಡು ಜೋಡಿ ಪಿನ್ನುಗಳಿರುತ್ತವೆ. ರೇಡಿಯೋ, ವಾಲ್ಯೂಮ್, ಟೋನ್ ಇವೆಲ್ಲ ಮುಗಿಯುವುದು ಮೊದಲನೆಯದರಲ್ಲಿ. ಸ್ಪೀಕರ್ ನಡೆಸುವ ಪವರ್ ಭಾಗ ಶುರುವಾಗುವುದು ಎರಡನೆಯದರಿಂದ. ಬೇಕಾದವರು ನಡುವೆ ಈಕ್ವಲೈಜರ್ ಹಾಕಿಕೊಳ್ಳಲಿ ಎಂದು ಆ ಏರ್ಪಾಡು. ಬೇಡದವರಿಗೆ ಕಡ್ಡಿಯೇ ಸೇತುವೆ. ಸೇತುವೆ ಕಿತ್ತರೆ ದೀಪ ಹತ್ತುತ್ತದೆ, ಸೂಜಿ ಕುಣಿಯುತ್ತದೆ, ರಿಲೇ ಸೇರುತ್ತದೆ, ಸದ್ದು ಮಾತ್ರ ದಾಟುವುದಿಲ್ಲ. ಹೆಡ್‌ಫೋನಿಗೂ ಪವರ್ ಭಾಗದಿಂದಲೇ ಸದ್ದು ಹೋಗುವುದರಿಂದ ಅದೂ ಮೂಕ.

ಅಂದರೆ ಅಂಗಡಿಯವನು ಐಸಿ ಹಾಕಿದ ಮೇಲೂ ಸದ್ದು ಬಂದಿರಲಿಕ್ಕಿಲ್ಲ. ಆಗ ಹಿಂದೆ ನೋಡಿ, ತುಂಡು ವೈರು ಹಾಕಿ, ಬಾಯಿ ಮುಚ್ಚಿಕೊಂಡಿದ್ದಾನೆ. ಅಲ್ಲಿಗೆ ನಿಲ್ಲಿಸಿದ್ದರೂ ಹೋಗಲಿ ಅನ್ನುತ್ತಿದ್ದೆ. ಚಿಕ್ಕಪ್ಪ ಮುಚ್ಚಳ ತೆಗೆದು ಟಾರ್ಚ್ ಹಿಡಿದಾಗ ರಿಲೇಯ ಕಾಲುಗಳ ನಡುವೆ ದಪ್ಪ ತಂತಿ ಬೆಸೆದಿತ್ತು. ರಿಲೇಯನ್ನೇ ಬೈಪಾಸ್ ಮಾಡಿದ್ದ! 'ಧಪ್' ಅಂದದ್ದು ಅದಕ್ಕೇ. ಐಸಿ ಸುಟ್ಟ ದಿನ ರಿಲೇ ತನ್ನ ಕೆಲಸ ತಾನು ಮಾಡಿ ಬಿಟ್ಟುಕೊಂಡಿತ್ತು, ಪಕ್ಕದಲ್ಲಿ ತಂತಿಯ ಕಳ್ಳದಾರಿ ತೆರೆದೇ ಇತ್ತು. ಸುಮಾರು 35 ವೋಲ್ಟ್ ಡಿಸಿ ನೇರವಾಗಿ ಸ್ಪೀಕರಿಗೆ. 8 ಓಮ್ ಸ್ಪೀಕರಿನ ಸುರುಳಿಯನ್ನು ಮೀಟರಿನಲ್ಲಿ ಅಳೆದರೆ 6 ಓಮ್ ಆಸುಪಾಸು ಇರುತ್ತದೆ. ಲೆಕ್ಕ ಹಾಕಿ, 200 ವ್ಯಾಟ್ ಶುದ್ಧ ಕಾವು, ಕೂದಲಿನಂಥ ತಂತಿಯ ಮೇಲೆ.

ಇನ್ನು ಐಸಿ. ಇಂಥ ಸೆಟ್ಟುಗಳಲ್ಲಿ ಹಾಕುತ್ತಿದ್ದ ಎಸ್‌ಟಿಕೆ ಸರಣಿಯವು ಜಪಾನಿನ ಸ್ಯಾನ್ಯೋ ಮಾಡುತ್ತಿದ್ದ ಹೈಬ್ರಿಡ್‌ಗಳು, ಅಂದರೆ ಹಲವು ಬಿಡಿಭಾಗ ಒಂದೇ ಮುಚ್ಚಳದೊಳಗೆ ಕೂಡಿಸಿದ ಐಸಿಗಳು. ಆ ಕಂಪನಿಯ ಸೆಮಿಕಂಡಕ್ಟರ್ ವ್ಯವಹಾರ 2011ರಲ್ಲೇ ಆನ್ ಸೆಮಿಕಂಡಕ್ಟರ್ ಪಾಲಾಯಿತು. ಹಳೇ ನಂಬರಿನವು ಈಗ ತಯಾರಾಗುವುದಿಲ್ಲ, ಆದರೂ 'ಹೊಸದು' ಎಂದು ಎಲ್ಲ ಕಡೆ ಸಿಗುತ್ತವೆ. ಏನು ಸಿಗುತ್ತದೆ ಎಂದು ನೀವೇ ಊಹಿಸಿ. ಚಿಕ್ಕಪ್ಪ ಸುಟ್ಟದ್ದರ ಕರೀ ಮುಚ್ಚಳ ಚಾಕುವಿನಲ್ಲಿ ಎಬ್ಬಿಸಿದರು. ಒಳಗೆ ಎಳ್ಳಿನಷ್ಟು ಟ್ರಾನ್ಸಿಸ್ಟರ್ ಚಿಪ್, ನಕಲಿಯ ಗುರುತು. ಕಾವು ಹೊರಹಾಕುವ ಲೋಹದ ಹೀಟ್‌ಸಿಂಕಿಗೆ ಅಂಟುವಲ್ಲಿ ಬಳಿಯಬೇಕಾದ ಬಿಳಿ ಪೇಸ್ಟ್ ಕೂಡ ಇರಲಿಲ್ಲ. ಬಳ್ಳಾರಿಯ ಏಪ್ರಿಲ್‌ನಲ್ಲಿ! ಹನ್ನೆರಡು ದಿನ ಬದುಕಿದ್ದೇ ಹೆಚ್ಚು.

ಹಾಗಾಗಿ ನಿಮ್ಮ ಸೆಟ್ ಮೂಕಾದರೆ ಮೊದಲು ಆ ಟಕ್ ಕೇಳಿಸಿಕೊಳ್ಳಿ. ಕೇಳಿಸಿದರೆ ಹಿಂದಿನ ಕಡ್ಡಿಗಳು ಇವೆಯಾ ನೋಡಿ, ಯಾವ ಸ್ಪೀಕರ್ ಜೋಡಿ ಹಾಡಬೇಕೆಂದು ಆರಿಸುವ ಎ-ಬಿ ಗುಂಡಿ ನೋಡಿ, ಮ್ಯೂಟ್ ನೋಡಿ. ಎಲ್ಲಕ್ಕಿಂತ ಮುಖ್ಯವಾಗಿ ಟೇಪ್ ಮಾನಿಟರ್ ಗುಂಡಿ ನೋಡಿ. ಅದು ಒತ್ತಿದ್ದರೆ ಸೆಟ್ಟು ಇಲ್ಲದ ಟೇಪಿನ ದಾರಿ ಕಾಯುತ್ತಾ ಕೂತಿರುತ್ತದೆ. ಒರೆಸುವ ಬಟ್ಟೆ ತಾಗಿದರೂ ಸಾಕು, ಒತ್ತಿಕೊಳ್ಳುತ್ತದೆ. ಗುಂಡಿಗಳನ್ನು, ಸೆಲೆಕ್ಟರನ್ನು ಹತ್ತಿಪ್ಪತ್ತು ಸಲ ಆಡಿಸಿ, ನಮ್ಮ ಧೂಳಿಗೆ ಕಾಂಟ್ಯಾಕ್ಟ್ ಹಿಡಿಯುತ್ತವೆ. ಸ್ಪೀಕರಿನ ಅನುಮಾನವಿದ್ದರೆ ಅದರ ವೈರು ಸೆಟ್ಟಿನಿಂದ ಬಿಚ್ಚಿ, ಒಂದೂವರೆ ವೋಲ್ಟಿನ ಸೆಲ್ಲಿಗೆ ಕ್ಷಣಮಾತ್ರ ಮುಟ್ಟಿಸಿ. 'ಕಟ್' ಅಂದರೆ ಸುರುಳಿ ಸರಿಯಿದೆ.

ಟಕ್ ಕೇಳಿಸದಿದ್ದರೆ ಸ್ವಿಚ್ ಆರಿಸಿ, ಎರಡೂ ಸ್ಪೀಕರಿನ ವೈರು ಬಿಚ್ಚಿ, ಮತ್ತೆ ಹಾಕಿ ನೋಡಿ. ಈಗ ಟಕ್ ಅಂದರೆ ಹಿಂದೆ ಎಲ್ಲೋ ವೈರಿನ ಒಂದು ಎಳೆ ಪಕ್ಕದ ಟರ್ಮಿನಲ್ ಮುಟ್ಟುತ್ತಿರಬಹುದು. ಆಗಲೂ ಅನ್ನದಿದ್ದರೆ ಒಳಗಿನ ಕೆಲಸ. ಮುಚ್ಚಳ ನೀವು ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಚಾರ್ಜ್ ಉಳಿದಿರುತ್ತದೆ. ಅಂಗಡಿಗೆ ಕೊಡುವಾಗ ಒಳಗಿನ ಫೋಟೋ ಅವನ ಎದುರಿಗೇ ತೆಗೆಯಿರಿ, ತೆಗೆದ ಪಾರ್ಟು ವಾಪಸ್ ಬೇಕೆಂದು ರಸೀದಿಯಲ್ಲಿ ಬರೆಸಿ. ರಿಪೇರಿ ಆದ ಮೇಲೆ ಮೊದಲ ಸಲ ಸೀರೀಸ್ ಬಲ್ಬ್ (ಸೆಟ್ಟಿಗೆ ಬರುವ ಕರೆಂಟಿನ ದಾರಿಯಲ್ಲೇ ಸೇರಿಸುವ ತಂತಿ ಬಲ್ಬು) ಹಾಕಿ ಆನ್ ಮಾಡು ಎಂದು ಕೇಳಿ. ಬಲ್ಬ್ ಫಳಕ್ ಎಂದು ಹತ್ತಿ ಮಂಕಾದರೆ ಸರಿ, ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್. ಸೀರೀಸ್ ಬಲ್ಬ್ ಇಲ್ಲದ ಅಂಗಡಿಯಾದರೆ ಸೆಟ್ ಎತ್ತಿಕೊಂಡು ಬನ್ನಿ.

ಕಸಕ್ಕೆ ಹೋದವು ಎಂದ ನನ್ನ ಅಸಲಿ ಐಸಿಗಳು ಈ ಹೊತ್ತಿಗೆ ಯಾರ ಮನೆಯಲ್ಲಿ ಹಾಡುತ್ತಿವೆಯೋ. ಚಿಕ್ಕಪ್ಪ ರಿಲೇಯ ತಂತಿ ಕಿತ್ತು, ಕಡ್ಡಿ ಸಿಕ್ಕಿಸಿ, ಸುಟ್ಟ ಐಸಿ ತೆಗೆದು, ಬಲಗಡೆಯದಕ್ಕೆ ಪೇಸ್ಟ್ ಬಳಿದು ಕೊಟ್ಟಿದ್ದಾರೆ. ಎಡ ಸ್ಪೀಕರ್ ಸುರುಳಿ ಸುತ್ತಿಸಲು ಹುಬ್ಬಳ್ಳಿಗೆ ಹೋಗಿದೆ. ಸದ್ಯ ಮೋನೋ ಗುಂಡಿ ಒತ್ತಿ ಒಂದೇ ಕಡೆಯಿಂದ ಕೇಳುತ್ತಿದ್ದೇವೆ. ಉಳಿದಿರುವುದೂ ಅದೇ ನಕಲಿ ಐಸಿಯ ಜೋಡಿಯಾದ್ದರಿಂದ ವಾಲ್ಯೂಮ್ ಒಂಬತ್ತು ಗಂಟೆಯ ಜಾಗ ದಾಟಬಾರದು ಎಂದು ಚಿಕ್ಕಪ್ಪನ ಅಪ್ಪಣೆ. ಗೋಡೆಗೆ ಹೊಡೆದು ಉಳಿದಿದ್ದ ಬಣ್ಣದಲ್ಲಿ ಅಲ್ಲೊಂದು ಚುಕ್ಕೆ ಇಟ್ಟಿದ್ದೇನೆ.