ಟೊರೊಂಟೊ ಯೂನಿವರ್ಸಿಟಿ: ಸಿಟಿ ಕ್ಯಾಂಪಸ್ಸೋ, ಹೊರವಲಯದ್ದೋ?

ಮಗಳನ್ನು ಯಾವ ಕ್ಯಾಂಪಸ್ಸಿಗೆ ಸೇರಿಸಲಿ ಅಂತ ಕೇಳಿದ್ದೀರಿ. ಮೊದಲು ಡಿಗ್ರಿಯ ಚಿಂತೆ ಬಿಡಿ. ಸಿಟಿಯ ಸೇಂಟ್ ಜಾರ್ಜ್, ಹೊರವಲಯದ ಮಿಸಿಸಾಗಾ, ಸ್ಕಾರ್‌ಬರೋ ಮೂರೂ ಕಡೆ ಸಿಗುವುದು ಅದೇ ಯೂನಿವರ್ಸಿಟಿಯ ಡಿಗ್ರಿ.

ಖರ್ಚಿನಲ್ಲಿ ಜಾಸ್ತಿ ಹೊಡೆತ ಕೊಡುವುದು ಬಾಡಿಗೆ. ಸಿಟಿ ನಡುವಿನ ಸೇಂಟ್ ಜಾರ್ಜ್ ಸುತ್ತ ರೂಮು ತುಂಬಾ ದುಬಾರಿ. ನಿಮ್ಮ ಮನೆ ಬ್ರ್ಯಾಂಪ್ಟನ್ ಕಡೆ ಇದ್ದರೆ ಮಿಸಿಸಾಗಾಕ್ಕೆ ಮನೆಯಿಂದಲೇ ಓಡಾಡಬಹುದು. ಅದೊಂದೇ ದೊಡ್ಡ ಉಳಿತಾಯ.

ಓಡಾಟಕ್ಕೆ ಸೇಂಟ್ ಜಾರ್ಜ್ ಸುಲಭ, ಸಬ್‌ವೇ ಪಕ್ಕದಲ್ಲೇ ಇದೆ. ಅಲ್ಲಿಂದ ಮಿಸಿಸಾಗಾ ಸುಮಾರು 33 ಕಿ.ಮೀ., ನಡುವೆ ಯೂನಿವರ್ಸಿಟಿಯದೇ ಶಟಲ್ ಬಸ್ ಇದೆ. ಸ್ಕಾರ್‌ಬರೋದ ಹಳೆ ಲೋಕಲ್ ರೈಲು 2023ರಲ್ಲೇ ನಿಂತಿತು, ಈಗ ಬಸ್ಸೇ ಗತಿ. ಜನವರಿಯ ಹಿಮದಲ್ಲಿ ಸ್ಟಾಪಿನಲ್ಲಿ ಕಾಯುವುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಆದರೆ ನನ್ನ ಮಟ್ಟಿಗೆ ಕೋರ್ಸೇ ಮುಖ್ಯ. ಎಂಜಿನಿಯರಿಂಗ್ ಅಂದರೆ ಸೇಂಟ್ ಜಾರ್ಜ್. ಫೊರೆನ್ಸಿಕ್ ಸೈನ್ಸ್ ಮಿಸಿಸಾಗಾದಲ್ಲಿ. ಓದಿನ ನಡುವೆ ಸಂಬಳದ ಕೆಲಸ ಸಿಗುವ ಕೋ-ಆಪ್ ಬೇಕಿದ್ದರೆ ಸ್ಕಾರ್‌ಬರೋ.

ಗಲಾಟೆ ಬೇಡ ಅನ್ನುವ ಹುಡುಗಿಗೆ ಮಿಸಿಸಾಗಾ ಹಿಡಿಸೀತು. ಕ್ರೆಡಿಟ್ ನದಿಯ ದಂಡೆ, ಕ್ಲಾಸಿಗೆ ಹೋಗುವ ದಾರಿಯಲ್ಲೇ ಜಿಂಕೆ ಕಾಣುತ್ತವೆ. ಸಿಟಿಯ ಗಿಜಿಗಿಜಿ ಇಷ್ಟಪಡುವವಳಿಗೆ ಅಲ್ಲಿ ಸಂಜೆ ಬೇಜಾರಾಗಬಹುದು. ಮೂರಕ್ಕೂ ಅರ್ಜಿ ಹಾಕಬಹುದು, ಅಲ್ವಾ? ಹಾಕಿಬಿಡಿ.